ಒಂದು ಒಡಪಿನಷ್ಟು ಬೆಳಕು

ನಮ್ಮ ಮನೆಯ ಕ್ಯಾಮೆರಾಕ್ಕೆ ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲ. ಚರ್ಮದ ಚಪ್ಪಲಿ, ಚರ್ಮದ ಬೆಲ್ಟು, ಚರ್ಮದ ಕ್ಯಾಮೆರಾ, ಮೂರೂ ಹೊಸ್ತಿಲಿನ ಆಚೆ ಎಂದು ಅವ್ವ ಮದುವೆಯಾಗಿ ಪುಣೆಗೆ ಬಂದ ಮೊದಲ ವಾರವೇ ಹೇಳಿಬಿಟ್ಟಿದ್ದಳಂತೆ. ಅಪ್ಪ ವಾದ ಮಾಡುವ ಪೈಕಿಯಲ್ಲ. ಅಡುಗೆಮನೆಯ ಫೋಟೋ ಬೇಕಾದಾಗ ಹೊಸ್ತಿಲಿನ ಹೊರಗೆ ಸ್ಟೂಲು ಇಟ್ಟು, ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ ಇಟ್ಟು, ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟು ತೆಗೆದ. ಹಿಟ್ಟಿನ ಡಬ್ಬಿಗೆ ಚರ್ಮ ತಾಗಿತಲ್ಲ ಎಂದು ಅದಕ್ಕೂ ಒಂದು ರಂಪವಾಯಿತು. ಅವತ್ತಿನಿಂದ ಅದು ಮೊಳೆ, ಸ್ಕ್ರೂ, ಹಳೆಯ ಕೀಲಿಕೈಗಳ ಡಬ್ಬಿಯಾಯಿತು. ನಾನು ಹುಟ್ಟಿ ಬೆಳೆದದ್ದೆಲ್ಲ ಅದನ್ನು ಮೊಳೆಯ ಡಬ್ಬಿ ಎಂದೇ ತಿಳಿದುಕೊಂಡು.

ಅದೊಂದು ಮಡಚುವ ಕ್ಯಾಮೆರಾ, ಜರ್ಮನಿಯದು. ಮುಚ್ಚಿದಾಗ ದಪ್ಪ ಪಂಚಾಂಗದಷ್ಟು ಇರುತ್ತದೆ. ಪಕ್ಕದ ಗುಂಡಿ ಒತ್ತಿದರೆ ಮುಂದಿನ ಬಾಗಿಲು ತೆರೆದು, ಮಸೂರವನ್ನು ಹೊತ್ತ ಮೂತಿ ಟಕ್ಕನೆ ಮುಂದೆ ಬಂದು ನಿಲ್ಲುತ್ತದೆ. ಮೂತಿಗೂ ಪೆಟ್ಟಿಗೆಗೂ ನಡುವೆ ನೆರಿಗೆ ನೆರಿಗೆಯ ಕಪ್ಪು ಚರ್ಮ, ಅದೇ ತಿದಿ. ಬೆನ್ನಿನಲ್ಲಿ ಕೆಂಪು ಗಾಜಿನ ಒಂದು ಪುಟ್ಟ ಕಿಟಕಿ. ಒಳಗಿನ ರೋಲಿನ ಹಿಂದೆ ಕಾಗದವಿರುತ್ತದೆ, ಅದರ ಮೇಲೆ ಅಂಕಿ ಅಚ್ಚಾಗಿರುತ್ತದೆ. ಆ ಅಂಕಿ ಕಿಟಕಿಯಲ್ಲಿ ಕಾಣುವ ತನಕ ಕೀಲಿ ತಿರುಗಿಸಬೇಕು. ಒಂದು ರೋಲಿಗೆ ಎಂಟೇ ಫೋಟೋ.

ಅಪ್ಪ ಧಾರವಾಡದವನು. ಖಡಕಿಯ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿ ಸೇರಿ, ನಿವೃತ್ತನಾಗುವವರೆಗೂ ಅಲ್ಲೇ ನಟ್ಟು ಬೋಲ್ಟು ಎಣಿಸಿದ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ದೊಡ್ಡ ಅಧಿಕಾರಿ ದೇಶ ಬಿಟ್ಟು ಹೊರಟು ಬಂಗಲೆ ಖಾಲಿ ಮಾಡಿದಾಗ, ಜೊತೆಯ ಗುಮಾಸ್ತರೆಲ್ಲ ಕುರ್ಚಿ, ಕಪಾಟು ಹೊತ್ತು ತಂದರೆ ಅಪ್ಪ ಈ ಕ್ಯಾಮೆರಾ ತಂದ. ನಮ್ಮ ಮನೆಯಲ್ಲಿ ಬಹಳ ದಿನ ಕುರ್ಚಿ ಇರಲಿಲ್ಲ. ಬಂದವರಿಗೆ ಚಾಪೆ ಹಾಸಿ ಫೋಟೋ ತೋರಿಸುತ್ತಿದ್ದರು.

ನಮ್ಮದು ಪೇಟೆಯ ಹಳೆಯ ವಾಡೆ. ನಡುವೆ ಅಂಗಳ, ಸುತ್ತ ಎರಡು ಮಾಳಿಗೆ, ಹದಿನಾಲ್ಕು ಬಾಡಿಗೆ ಕುಟುಂಬಗಳು. ಅದರಲ್ಲಿ ಹದಿಮೂರು ಮರಾಠಿಯವು, ಕನ್ನಡದ್ದು ನಮ್ಮದೊಂದೇ. ಭಾದ್ರಪದದಲ್ಲಿ ಗೌರಿ ಕೂತಾಗ ಎಲ್ಲ ಹೆಂಗಸರೂ ಒಬ್ಬರ ಮನೆಗೆ ಒಬ್ಬರು ಅರಿಷಿಣ ಕುಂಕುಮಕ್ಕೆ ಹೋಗುವರು, ಹೋದಲ್ಲೆಲ್ಲ ಗಂಡನ ಹೆಸರು ಹೇಳಿಸುವರು. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಎರಡು ಮೂರು ಸಾಲು ಕಟ್ಟಿ, ಕೊನೆಗೆ ಹೆಸರನ್ನು ಜೋಡಿಸಿದರೆ ಮಾತ್ರ ಹೇಳಬಹುದು. ಮರಾಠಿಯವರಲ್ಲಿ ಅದು ಉಖಾಣಾ, ನಮ್ಮಲ್ಲಿ ಒಡಪು. ಅವ್ವ ಕನ್ನಡದಲ್ಲೇ ಹೇಳುತ್ತಿದ್ದಳು. ಹದಿಮೂರು ಮನೆಯ ಹೆಂಗಸರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಹೆಸರು ಬಂದ ಕೂಡಲೇ ಹೋ ಎಂದು ನಗುತ್ತಿದ್ದರು, ಅಷ್ಟೆ. ಹೀಗಾಗಿ ಅವ್ವನಿಗೆ ಭಾರೀ ಸ್ವಾತಂತ್ರ್ಯ. ಅಪ್ಪ ಉಪ್ಪಿಟ್ಟು ಚೆಲ್ಲಿದ್ದು, ಅಪ್ಪ ಕೊಡೆ ಕಳೆದದ್ದು, ಅಪ್ಪನ ಗೊರಕೆ, ಎಲ್ಲವನ್ನೂ ಪ್ರತಿ ವರ್ಷ ಹೊಸ ಒಡಪು ಕಟ್ಟಿ ಊರ ತುಂಬ ಹೇಳಿಬರುತ್ತಿದ್ದಳು. ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ಅಪ್ಪನೊಬ್ಬನಿಗೇ ಅದರ ಅರ್ಥ ಆಗುತ್ತಿದ್ದದ್ದು. ಅಪ್ಪನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅದು ಅವ್ವನ ಬಾಯಿಗೆ ಸೇರಿದ್ದು.

ಕ್ಯಾಮೆರಾ ಕೆಲಸ ಮಾಡಿದ್ದನ್ನು ನಾನು ನೋಡಿದವನಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತಿದಿ ತೂತು ಬಿದ್ದು, ಶಟರ್ ಹಿಡಿದುಕೊಂಡು, ಅದು ಟ್ರಂಕು ಸೇರಿತ್ತು. ಅಪ್ಪ ನಿವೃತ್ತನಾದ ಮೇಲೆ ಅದನ್ನು ರಿಪೇರಿ ಮಾಡುತ್ತೇನೆಂದು ಹೊರಗೆ ತೆಗೆದ. ಮಸೂರ ಒರೆಸಿದ, ಮತ್ತೆ ಒರೆಸಿದ, ಅಷ್ಟರಲ್ಲೇ ಒಂದು ವರ್ಷ ಕಳೆಯಿತು. ಅದು ತೊಂಬತ್ತರ ದಶಕದ ನಡುಮಧ್ಯ. ಒಂದು ಮುಂಜಾನೆ ಅಪ್ಪ ಹಾಸಿಗೆಯಿಂದ ಏಳಲಿಲ್ಲ. ಅವ್ವ ಮೂರು ಸಲ ಕೂಗಿ ಕರೆದಳು. ಎಂದಿನಂತೆ ಮೈಗಳ್ಳತನ ಎಂದುಕೊಂಡು ಚಹಾ ಸೋಸಲು ಹೋದಳು. ಆ ಚಹಾದ ಮಾತನ್ನು ಅವ್ವ ಎಷ್ಟೋ ವರ್ಷ ಯಾರ ಹತ್ತಿರವೂ ಆಡಲಿಲ್ಲ.

ಕ್ಯಾಮೆರಾ ಮತ್ತೆ ಟ್ರಂಕಿಗೆ ಹೋಯಿತು. ಎರಡು ಸಾವಿರ ದಾಟಿ ಒಂದೆರಡು ವರ್ಷಕ್ಕೆ ವಾಡೆಯನ್ನು ಕೆಡವಿ ಹೊಸ ಕಟ್ಟಡ ಕಟ್ಟುವ ಮಾತು ಬಂತು. ಹದಿಮೂರು ಕುಟುಂಬಗಳು ಒಂದೊಂದಾಗಿ ಹೋದವು. ನನ್ನ ಹೆಂಡತಿಯ ಆಫೀಸು ಹಿಂಜವಾಡಿಯಲ್ಲಿ ಇದ್ದದ್ದರಿಂದ ನಾವು ಆ ಕಡೆಯೇ ಮೂರನೇ ಮಹಡಿಯ ಫ್ಲ್ಯಾಟು ಹಿಡಿದೆವು. ದಸರೆಯೊಳಗೆ ವಾಡೆ ಬಿಡಬೇಕಿತ್ತು. ಅವ್ವ ಅಳಲಿಲ್ಲ, ಶಪಿಸಲಿಲ್ಲ. ಹೊಸ ಮನೆಯ ನಲ್ಲಿಯಲ್ಲಿ ಇಡೀ ದಿನ ನೀರು ಬರುತ್ತದೆಯೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಒಂದೇ ಒಂದು ಬೇಡಿಕೆ ಇಟ್ಟಳು.

"ಅಡಗಿ ಮನಿದೊಂದ ಫೋಟೋ ತಗದ ಕೊಡು. ನಲವತ್ತ ವರ್ಷ ಇದರಾಗ ಹೊಗಿ ಕುಡದೇನಿ. ಹೋಗೂಮುಂದ ಒಂದ ಫೋಟೋ ಬ್ಯಾಡೇನು?"

ಅದಕ್ಕೊಂದು ಹಿನ್ನೆಲೆ ಇತ್ತು. ಅಪ್ಪ ಮೊದಲು ತೆಗೆದ ಅಡುಗೆಮನೆಯ ಫೋಟೋವನ್ನು ಬೆಳಗಾವಿ ಕಡೆಯ ಹಳ್ಳಿಗೆ, ಅವ್ವನ ತವರಿಗೆ, ಕಳಿಸಿದ್ದರು. ಮಗಳು ಎಂಥ ಜಾಗದಲ್ಲಿ ಒಲೆ ಹಚ್ಚುತ್ತಾಳೆ ಎಂದು ಅಜ್ಜಿ ನೋಡಬೇಕೆಂದಿದ್ದಳಂತೆ. ಅದು ಅಲ್ಲೇ ಎಲ್ಲೋ ಕಳೆದುಹೋಯಿತು. ಅವ್ವನ ಹತ್ತಿರ ಅಡುಗೆಮನೆಯ ಒಂದು ಚಿತ್ರವೂ ಇರಲಿಲ್ಲ. ಈಗ ಅಡುಗೆಮನೆಯೂ ಹೋಗುವುದಿತ್ತು.

ಫೋಟೋ ತಾನೇ, ಎಷ್ಟು ಹೊತ್ತಿನ ಕೆಲಸ ಎಂದುಕೊಂಡೆ. ಹೆಂಡತಿ ಆಫೀಸಿನಿಂದ ಡಿಜಿಟಲ್ ಕ್ಯಾಮೆರಾ ತಂದಳು. ಅವಳು ಮೈಸೂರಿನವಳು, ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತಾಳೆ. ಫ್ಲ್ಯಾಶು ಮಿಂಚಿತು, ಫೋಟೋ ಬಂತು. ಅವ್ವ ಕನ್ನಡಕ ಹಾಕಿಕೊಂಡು ಆ ಪುಟ್ಟ ಪರದೆಯನ್ನು ನೋಡಿದಳು. ಮಸಿಯ ಗೋಡೆ ಬೆಳ್ಳಗೆ, ಡಬ್ಬಿಗಳ ಮೇಲೆ ಬೆಳಕಿನ ಚುಕ್ಕೆ, ಹಿಂದೆಲ್ಲ ಕರೀ ಕತ್ತಲು.

"ಕಳವಾದ ಮನಿ ಫೋಟೋ ಪೇಪರದಾಗ ಬರತದಲಾ, ಹಂಗದ ನೋಡವಾ ಇದು," ಎಂದಳು.

"ಫ್ಲ್ಯಾಶ್ ಆಫ್ ಮಾಡಿ ತೆಗೀತೀನಿ ಅತ್ತೆ," ಎಂದು ಹೆಂಡತಿ ತೆಗೆದಳು. ಈ ಸಲ ಚಿತ್ರ ಕಲಸಿದ ಹಿಟ್ಟಿನಂತೆ ಬಂತು. ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಹೆಂಚಿನ ಮಾಡಿನಲ್ಲಿ ಒಂದು ಗಾಜಿನ ಹೆಂಚು, ಅಷ್ಟೇ ಬೆಳಕು. ಹನ್ನೊಂದರ ಸುಮಾರಿಗೆ ಅದರಿಂದ ಬಿಸಿಲಿನ ಒಂದು ಪಟ್ಟಿ ಇಳಿದು, ಒಲೆಯ ಕಟ್ಟೆಯ ಮೇಲೆ ಕಾಲು ಗಂಟೆ ಕೂತು, ಎದ್ದು ಹೋಗುತ್ತಿತ್ತು. ಅವ್ವನಿಗೆ ಬೇಕಿದ್ದದ್ದು ಆ ಕಾಲು ಗಂಟೆ. "ನಿಮ್ಮಪ್ಪನ ಫೋಟೋದಾಗ ಅದು ಹಂಗಽ ಬಂದಿತ್ತು," ಎಂದಳು. ಈ ಮಾತು ನನಗೆ ನಾಟಿತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಹಟ ಅದರ ಪಕ್ಕದಲ್ಲಿ. ಅವತ್ತೇ ಟ್ರಂಕು ತೆಗೆದೆ.

ಮೊದಲು ಶಟರ್. ಹಳೆಯ ಎಣ್ಣೆ ಗಟ್ಟಿಯಾಗಿ ಅದರ ರೆಕ್ಕೆಗಳು ಅಂಟಿಕೊಂಡಿದ್ದವು. ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ಹತ್ತಿಕಡ್ಡಿ ಅದ್ದಿ ಒಂದು ವಾರ ಒರೆಸಿದ ಮೇಲೆ ರೆಕ್ಕೆಗಳು ಬಿಟ್ಟುಕೊಂಡವು. ಆದರೆ ಅದರ ನಿಧಾನದ ವೇಗಗಳೆಲ್ಲ ಸತ್ತಿದ್ದವು. ಉಳಿದದ್ದು ಎರಡೇ: ಬಿಸಿಲಿಗೆ ಸರಿಹೊಂದುವ ಒಂದು ವೇಗ, ಮತ್ತು ಶಟರ್ ತೆರೆಯುವ ಪುಟ್ಟ ಸನ್ನೆಯನ್ನು ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುವ ಒಂದು ಗುರುತು. ಕೆಂಪು ಕಿಟಕಿಯ ಗಾಜು ಪುಡಿಯಾಗಿತ್ತು. ಗಣಪತಿ ಮಂಟಪದ ದೀಪಗಳಿಗೆ ಸುತ್ತುವ ಕೆಂಪು ಜಿಲೆಟಿನ್ ಹಾಳೆಯನ್ನು ಎರಡು ಪದರ ಮಡಚಿ ಅಂಟಿಸಿದೆ.

ಆಮೇಲೆ ತಿದಿ. ತೂತು ಹುಡುಕಬೇಕಾದರೆ ಒಳಗೆ ಟಾರ್ಚು ಹಾಕಿ ಕತ್ತಲಲ್ಲಿ ನೋಡಬೇಕು. ಹಗಲಿನಲ್ಲಿ ಕತ್ತಲು ಎಲ್ಲಿಂದ ತರುವುದು? ಅವ್ವ ತನ್ನ ಕರೀ ಕಂಬಳಿ ತಂದಳು. ಮಧ್ಯಾಹ್ನ ಎರಡು ಗಂಟೆಗೆ ತಾಯಿ ಮಗ ಇಬ್ಬರೂ ಕಂಬಳಿಯೊಳಗೆ ತಲೆ ತೂರಿಸಿ, ಬೆವರು ಸುರಿಸುತ್ತ, ನೆರಿಗೆಗಳಲ್ಲಿ ಹೊಳೆಯುವ ಚುಕ್ಕೆಗಳನ್ನು ಎಣಿಸಿದೆವು. ಹನ್ನೊಂದು ಬಂದವು.

"ಭಾತಾ ಪೂರಾ ಹಾಳಾಗ್ಯದ," ಎಂದೆ. ತಿದಿಗೆ ಮರಾಠಿಯಲ್ಲಿ ಭಾತಾ ಎನ್ನುತ್ತಾರೆ, ಹೊರಗೆ ಆಡಿ ಆಡಿ ಅದೇ ಬಾಯಿಗೆ ಬರುತ್ತದೆ.

"ಯಾವ ಭಾತು? ಮುಂಜಾನಿದಾ? ಈಗ ಉಂಡೆಲ್ಲೋ ಅದನ್ನ!" ಎಂದು ಅವ್ವ ಕಂಬಳಿ ಕಿತ್ತೊಗೆದು ಎದ್ದಳು. ಹೆಂಡತಿ ಆ ಮಾತಿಗೆ ಒಂದು ವಾರ ನಕ್ಕಳು.

ಕ್ಯಾಮೆರಾ ರಿಪೇರಿಯವರು ಯಾರೂ ತಿದಿ ಮುಟ್ಟಲು ಒಪ್ಪಲಿಲ್ಲ. ಕೊನೆಗೆ ನಾನು ಹೋದದ್ದು ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಮುದುಕನ ಅಂಗಡಿಗೆ. ಅವನು ಅದನ್ನು ತಿರುವಿ ಮುರುವಿ ನೋಡಿ, "ಭಾತಾ ಆಹೆ, ಪಣ ಸೂರ್ ಕುಠೆ ಆಹೆ?" ಎಂದ. ತಿದಿಯೇನೋ ಇದೆ, ಸ್ವರ ಎಲ್ಲಿ ಎಂದು ಕೇಳುತ್ತಿದ್ದಾನೆ. ನಾನು ಗುರುತು ಹಾಕಿಕೊಂಡು ಹೋಗಿದ್ದ ಹನ್ನೊಂದು ತೂತುಗಳನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಮೂತಿಯ ಕಡೆ ಅಂಗೈ ಒತ್ತಿ ಮುಚ್ಚಿ, ತಿದಿಯನ್ನು ಗಲ್ಲಕ್ಕೆ ಹಿಡಿದು, ಮೆಲ್ಲಗೆ ಒತ್ತುತ್ತ ಹೋದ. ಗಾಳಿ ತಾಗಿದಲ್ಲೆಲ್ಲ ಸೀಮೆಸುಣ್ಣದ ಚುಕ್ಕೆ ಇಟ್ಟ. ಅವನ ಗಲ್ಲಕ್ಕೆ ಹನ್ನೆರಡು ಸಿಕ್ಕವು. ತೆಳ್ಳಗೆ ಹೆರೆದ ಆಡಿನ ಚರ್ಮದ ತುಂಡುಗಳನ್ನು ಒಳಮೈಗೆ ಅಂಟಿಸಿ, ಮಡಚಿ, ಮೇಲೆ ಒಂದು ಇಟ್ಟಿಗೆ ಹೇರಿ, ನಾಲ್ಕು ದಿನ ಬಿಟ್ಟು ಬಾ ಎಂದ. ಇಂಥ ಮನುಷ್ಯರನ್ನು ಕಂಡರೆ ನನಗೆ ಕಾಲಿಗೆ ಬೀಳಬೇಕು ಎನಿಸುತ್ತದೆ. ಬೀಳಲಿಲ್ಲ. ಇಟ್ಟಿಗೆ ಯಾಕೆ ಅಷ್ಟು ಭಾರದ್ದು ಎಂದು ಜಗಳ ತೆಗೆದೆ.

ಇಷ್ಟೆಲ್ಲ ಆಗುವಾಗ ಟ್ರಂಕಿನ ತಳದಲ್ಲಿ ಅಪ್ಪನ ಒಂದು ಸಣ್ಣ ನೋಟ್‌ಬುಕ್ಕು ಸಿಕ್ಕಿತು. ಉಗ್ರಾಣದ ಗುಮಾಸ್ತನಲ್ಲವೇ, ತೆಗೆದ ಒಂದೊಂದು ಫೋಟೋಕ್ಕೂ ಒಂದೊಂದು ಸಾಲು ಬರೆದಿಟ್ಟಿದ್ದ. "ಶನಿವಾರದ ಸಂತೆ, ಬಿಸಿಲು, ೧೧." "ಸಾಸವಡ ದಾರಿ, ಪಾಲಖಿ, ಮೋಡ, ೮." ಕೊನೆಯ ಅಂಕಿ ಮಸೂರದ ಕಿಂಡಿಯ ಅಳತೆ. ಒಳಾಂಗಣದ ಫೋಟೋಗಳಿಗೆ ಮಾತ್ರ ಇನ್ನೊಂದು ಗುರುತು ಇತ್ತು. "ಗೌರಿ, ನಡುಮನಿ, ೮, ಒ ೨." "ದೇವರ ಮನಿ, ೮, ಒ ೩." ಮತ್ತೊಂದು ಕಡೆ, ಅಡಿಯಲ್ಲಿ ಗೆರೆ ಎಳೆದು: "ಅಡಿಗಿ ಮನಿ, ಹನ್ನೊಂದರ ಬಿಸಿಲು, ೮, ಒ ೧. ಛಲೋ ಬಂದದ."

ಅವ್ವನ ಮುಂದೆ ಹಿಡಿದೆ. "ಅವ್ವಾ, ಈ 'ಒ' ಅಂದ್ರ ಏನು?"

ಅವ್ವ ಆ ಪುಟವನ್ನು ಬಹಳ ಹೊತ್ತು ನೋಡಿದಳು. "ನನಗೇನ ಗೊತ್ತಪಾ, ಅವರ ಲೆಕ್ಕ ಅವರಿಗೆ," ಎಂದು ಒಳಗೆ ಹೋಗಿ, ಆಗಲೇ ಆರಿಸಿಟ್ಟಿದ್ದ ಅಕ್ಕಿಯನ್ನು ಮತ್ತೆ ಆರಿಸುತ್ತ ಕೂತಳು.

ನಾನು ಬುದ್ಧಿವಂತ. 'ಒ' ಅಂದರೆ 'ಒತ್ತು', ಬೇರೆ ಏನಿರಲು ಸಾಧ್ಯ? ಸನ್ನೆಯನ್ನು ಒತ್ತುವುದು. 'ಒ ೧' ಎಂದರೆ ಒಂದು ಸಲ ಒತ್ತು, 'ಒ ೨' ಎಂದರೆ ಎರಡು ಸಲ. ನನ್ನ ಸಂಶೋಧನೆಯನ್ನು ಹೆಂಡತಿಗೆ ವಿವರಿಸಿದೆ. ಅವಳು, "ಒಂದೇ ಸಲ ಒತ್ತಿದ್ರೆ ಅಷ್ಟು ಡಾರ್ಕ್ ರೂಮಲ್ಲಿ ಸಾಕಾಗುತ್ತೇನ್ರೀ?" ಎಂದು ಕೇಳಿದಳು. ಅಪ್ಪ ಬರೆದಿಟ್ಟದ್ದಕ್ಕೆ ನೀನು ತಿದ್ದುಪಡಿ ಮಾಡಬೇಡ ಎಂದು ಗದರಿದೆ.

ಮೊದಲ ರೋಲನ್ನು ತಿದಿ ಪರೀಕ್ಷಿಸಲೆಂದು ಅಂಗಳದ ಬಿಸಿಲಿನಲ್ಲೇ ಮುಗಿಸಿದೆ. ಖಾಲಿ ಜಗಲಿಗಳು, ಬಾಗಿಲಿಲ್ಲದ ಚೌಕಟ್ಟುಗಳು, ಬಾವಿಯ ಕಟ್ಟೆ. ಎಂಟೂ ಸ್ವಚ್ಛವಾಗಿ ಬಂದವು. ಹಾರ್ಮೋನಿಯಂ ಮುದುಕನ ಗಲ್ಲ ಸುಳ್ಳು ಹೇಳಿರಲಿಲ್ಲ. ಮುಂದಿನ ಭಾನುವಾರ ಎರಡನೇ ರೋಲು. ಸ್ಟೂಲು, ಮೊಳೆಯ ಡಬ್ಬಿ, ಹೊಸ್ತಿಲಿನ ಹೊರಗೆ ಕ್ಯಾಮೆರಾ. ಹನ್ನೊಂದಕ್ಕೆ ಬಿಸಿಲ ಪಟ್ಟಿ ಇಳಿಯಿತು. ಒಮ್ಮೆ ಒತ್ತಿ ಬಿಟ್ಟೆ. ಕೀಲಿ ತಿರುಗಿಸಿ ಮತ್ತೆ ಒತ್ತಿದೆ. ಎಂಟು ಸಲ, ಗತ್ತಿನಿಂದ.

ಕಪ್ಪು ಬಿಳುಪಿನ ರೋಲು ತೊಳೆಯುವ ಸ್ಟುಡಿಯೋ ನಮ್ಮ ಕಡೆ ಒಂದೇ ಉಳಿದಿತ್ತು. ಅಲ್ಲಿಯ ಯಜಮಾನ ವಾರಕ್ಕೊಮ್ಮೆ ತೊಳೆಯುತ್ತಿದ್ದ. ಶುಕ್ರವಾರ ಹೋದರೆ ಅವನು ಪಟ್ಟಿಯನ್ನು ದೀಪಕ್ಕೆ ಹಿಡಿದು ತೋರಿಸಿದ. ನೆಗೆಟಿವ್ ಎಲ್ಲ ಬೆಳಕು ಸಾಲದೆ ಗಾಜಿನಷ್ಟು ತಿಳಿ. ಬಿಸಿಲ ಪಟ್ಟಿ ಇದ್ದಲ್ಲಿ ಮಾತ್ರ ಒಂದು ಗೀರು. ಉಳಿದಂತೆ ಅಡುಗೆಮನೆಯೇ ಇಲ್ಲ.

ಮನೆಗೆ ಬಂದು ಆ ಪಟ್ಟಿಯನ್ನು ಮೇಜಿನ ಮೇಲೆ ಎಸೆದೆ. ಬರುವ ಬುಧವಾರ ಟೆಂಪೋ ಬರುವುದಿತ್ತು. ನಡುವೆ ಇದ್ದದ್ದು ಒಂದೇ ಭಾನುವಾರ. ನೋಟ್‌ಬುಕ್ಕು, ಕ್ಯಾಮೆರಾ, ಅಪ್ಪನ ಅಕ್ಷರ, ಎಲ್ಲಕ್ಕೂ ಸೇರಿಸಿ ಬೈದೆ. ಅಪ್ಪನಿಗೆ ಒಂದು ಪೂರ್ತಿ ಶಬ್ದ ಬರೆಯಲು ಏನು ರೋಗವಾಗಿತ್ತು ಎಂದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಒತ್ತು ಅಲ್ಲೋ ಅದು," ಎಂದಳು. "ಒಡಪು."

ಅವ್ವನೇ ಹೇಳಿದಳು, ನನ್ನ ಕಡೆ ನೋಡದೆ, ಸೆರಗಿನ ಅಂಚನ್ನು ನೋಡುತ್ತ. ಮದುವೆಯಾದ ವರ್ಷ ಗೌರಿಯ ಫೋಟೋ ತೆಗೆಯುವಾಗ ಅಪ್ಪ ಸನ್ನೆ ಹಿಡಿದುಕೊಂಡು ಒಂದು ಎರಡು ಎಂದು ಎಣಿಸಬೇಕಿತ್ತು. ಎಣಿಸಲಾರೆ, ಎಣಿಸುವುದು ಖಡಕಿಯಲ್ಲೇ ಸಾಕಾಗಿದೆ, ನೀನು ಒಂದು ಒಡಪು ಹೇಳು, ನನ್ನ ಹೆಸರು ಬಂದ ಕೂಡಲೇ ಬಿಡುತ್ತೇನೆ ಎಂದನಂತೆ. ಫೋಟೋ ಚೆನ್ನಾಗಿ ಬಂತು. ಅಲ್ಲಿಂದ ಮುಂದೆ ಮನೆಯೊಳಗೆ ಫೋಟೋ ತೆಗೆದಾಗಲೆಲ್ಲ ಅವ್ವ ಕ್ಯಾಮೆರಾದ ಪಕ್ಕ ನಿಂತು ಒಡಪು ಹೇಳುವುದು. ಕತ್ತಲು ಜಾಸ್ತಿಯಿದ್ದರೆ ಎರಡು ಸಲ, ಮೂರು ಸಲ. ಅರಿಷಿಣ ಕುಂಕುಮದ ಒಡಪು ವರ್ಷ ವರ್ಷ ಬದಲಾಗುತ್ತಿತ್ತು. ಇದು ಮಾತ್ರ ಯಾವಾಗಲೂ ಒಂದೇ, ಯಾಕೆಂದರೆ ಉದ್ದ ಬದಲಾಗಬಾರದು. ಅದನ್ನು ಅವ್ವ ಹೊರಗೆ ಯಾರ ಮುಂದೂ ಹೇಳಿರಲಿಲ್ಲ.

ಹೆಂಡತಿ ಉತ್ಸಾಹದಿಂದ ಎದ್ದಳು. "ಅತ್ತೆ, ಒಂದ್ಸಲ ಹೇಳಿ, ನಾನು ವಾಚ್ ನೋಡ್ಕೊಂಡು ಟೈಮ್ ಮಾಡ್ತೀನಿ. ಎಷ್ಟು ಸೆಕೆಂಡ್ ಅಂತ ಗೊತ್ತಾದ್ರೆ ಆಯ್ತಲ್ಲ."

"ಹಂಗ ಹೇಳೂದಲ್ಲವಾ ಅದು," ಎಂದಳು ಅವ್ವ. "ಅದು ಮುತ್ತೈದೇರು ಹೇಳೂದು. ಈಗ ನಾ ಹೆಸರು ಹೇಳೂ ಹಂಗಿಲ್ಲ."

ಹೆಂಡತಿ ಕೂತುಬಿಟ್ಟಳು. ನಾನು ಎದ್ದು ಅಂಗಳಕ್ಕೆ ಹೋದೆ. ಗೌರಿ ಹಬ್ಬದಲ್ಲಿ ಅವ್ವ ಒಡಪು ಹೇಳುವುದನ್ನು ನಿಲ್ಲಿಸಿದ್ದು ನನಗೆ ಗೊತ್ತಿತ್ತು. ಅದರ ಅರ್ಥ ಏನು ಎಂದು ಮಾತ್ರ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಹೆಂಗಸಿಗೆ ಗಂಡನ ಹೆಸರು ಹೇಳಲು ಇದ್ದದ್ದು ಅದೊಂದೇ ದಾರಿ. ಅವನು ಹೋದ ದಿನವೇ ಅವನ ಹೆಸರೂ ಅವಳ ಬಾಯಿಂದ ಹೋಗಿತ್ತು. ನಾನು ದಿನಕ್ಕೆ ಹತ್ತು ಸಲ ಅರ್ಜಿಗಳಲ್ಲಿ, ಬ್ಯಾಂಕಿನಲ್ಲಿ, ಫೋನಿನಲ್ಲಿ ಆ ಹೆಸರನ್ನು ನನ್ನ ಹೆಸರಿನ ಜೊತೆ ಬರೆಯುತ್ತಿದ್ದೆ, ಹೇಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವ್ವನನ್ನು ಮತ್ತೆ ಕೇಳಬಾರದು ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಅಂದಾಜಿನ ಮೇಲೆ ಹತ್ತು ಎಣಿಸುತ್ತೇನೆ, ಬಂದಷ್ಟು ಬರಲಿ.

ಭಾನುವಾರ ಅಡುಗೆಮನೆಯ ಅರ್ಧ ಸಾಮಾನು ಆಗಲೇ ಗೋಣಿಚೀಲ ಸೇರಬೇಕಿತ್ತು. ಅವ್ವ ಕಟ್ಟಿರಲಿಲ್ಲ. ಹಿತ್ತಾಳೆಯ ಹಂಡೆ, ಸಾಲು ಡಬ್ಬಿಗಳು, ರೊಟ್ಟಿಯ ಹಂಚು, ಗೋಡೆಯ ಗೂಡಿನಲ್ಲಿ ಉಪ್ಪಿನ ಭರಣಿ, ಮೂಲೆಯಲ್ಲಿ ಗೋಡೆಗೆ ಒರಗಿಸಿದ ಅಪ್ಪನ ಊಟದ ಮಣೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅವ್ವ ಕಟ್ಟೆಯನ್ನು ಒರೆಸಿ, ಹೊರಗೆ ಬಂದು, ನನ್ನ ಬಲಗಡೆ ಹೊಸ್ತಿಲಿನ ಹತ್ತಿರ ನಿಂತಳು. ಹೆಂಡತಿ ನನ್ನ ಹಿಂದೆ ಇದ್ದಳು. ಕ್ಯಾಮೆರಾ ಮೊಳೆಯ ಡಬ್ಬಿಯ ಮೇಲೆ. ಕೆಂಪು ಕಿಟಕಿಯಲ್ಲಿ ಒಂದು ಎಂಬ ಅಂಕಿ.

ಬಿಸಿಲಿನ ಪಟ್ಟಿ ಇಳಿದು ಕಟ್ಟೆಯ ಮೇಲೆ ಕೂತಿತು. ಸನ್ನೆ ಒತ್ತಿ ಹಿಡಿದೆ. ಶಟರ್ ತೆರೆದ ಸದ್ದು ಸಣ್ಣಗೆ ಕೇಳಿತು. ಒಂದು ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಅವ್ವನ ದನಿ ಬಂತು. ತೆಳ್ಳಗೆ, ರಾಗವಾಗಿ.

"ಜೋಳದ ರೊಟ್ಟಿಗೆ ಬೆಣ್ಣಿ ಸವರಿ ಬುತ್ತಿ ಕಟ್ಟೇನಿ,
ಖಡಕಿ ಗಾಡಿ ತಪ್ಪೀತಂತ ಕೂಗಿ ಕರದೇನಿ,
ಏಳ್ರಿ ಏಳ್ರಿ ಅಂದ್ರೂ ಏಳವಲ್ರು ನಮ್ಮ..."

ಮತ್ತು ಅಪ್ಪನ ಹೆಸರು. ಪೂರ್ತಿ ಹೆಸರು, ಕೊನೆಗೆ ರಾಯರು ಎಂದು ಸೇರಿಸಿ.

ಸೋಮಾರಿ ಗಂಡನನ್ನು ಗೇಲಿ ಮಾಡಲು ಹೊಸ ಮದುವಣಗಿತ್ತಿ ಕಟ್ಟಿದ ಸಾಲುಗಳು ಅವು. ಹೆಸರು ಮುಗಿದ ಮೇಲೆ ಬೆರಳು ಎತ್ತಿದೆ. ಹಿಂದೆ ಹೆಂಡತಿ ಮೂಗು ಎಳೆದುಕೊಳ್ಳುತ್ತಿದ್ದಳು. ಅವ್ವನ ಮುಖ ನೋಡಲು ಧೈರ್ಯವಾಗದೆ ಕೆಂಪು ಕಿಟಕಿಯನ್ನೇ ನೋಡುತ್ತ ಕೀಲಿ ತಿರುಗಿಸಿದೆ. ಎರಡು ಬಂತು.

"ಆತೇನು?" ಎಂದಳು ಅವ್ವ.

"ಆತವ್ವ. ಬಂದಿರತದ ಇದು."

"ಇನ್ನ ಎಷ್ಟ ಉಳದಾವ?"

"ಏಳು."

ಅವ್ವ ಸೆರಗನ್ನು ಸರಿಯಾಗಿ ಹೊದ್ದುಕೊಂಡಳು. "ಅಷ್ಟೂ ಇಲ್ಲೇ ತಗಿ," ಎಂದಳು.

ಏಳನ್ನೂ ಅಲ್ಲೇ ತೆಗೆದೆ. ಸ್ಟೂಲು ಕದಲಿಸಲಿಲ್ಲ, ಡಬ್ಬಿ ಕದಲಿಸಲಿಲ್ಲ. ಪ್ರತಿ ಸಲವೂ ಅವ್ವ ರೊಟ್ಟಿಯಿಂದ ಶುರು ಮಾಡಿ ಅಪ್ಪನ ಹೆಸರಿಗೆ ಬಂದು ನಿಂತಳು. ಮೂರನೆಯದರ ಹೊತ್ತಿಗೆ ದನಿ ಗಟ್ಟಿಯಾಗಿತ್ತು. ಐದನೆಯದರಲ್ಲಿ ಅವ್ವ ಸ್ವಲ್ಪ ನಕ್ಕಂತೆ ಕೇಳಿಸಿತು. ಎಂಟು ಮುಗಿಯುವಾಗ ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಅವ್ವ ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟಳು. ಕಪ್ಪು ನನ್ನ ಕೈಗೆ ಕೊಡುವಾಗ, "ಆವತ್ತು ನಾ ಚಹಾ ಸೋಸಲಿಕ್ಕೆ ಹೋಗಬಾರದಿತ್ತು ನೋಡು," ಎಂದಳು. ಅಷ್ಟೇ ಹೇಳಿದ್ದು. ನಾನು ಅವಳ ಕೈ ಹಿಡಿದುಕೊಂಡೆ, ಚಹಾ ಅಂಗಿಯ ಮೇಲೆ ಚೆಲ್ಲಿತು, ಅದಕ್ಕೂ ಬೈಸಿಕೊಂಡೆ.

ಬುಧವಾರ ಟೆಂಪೋ ಬಂತು. ಅದಾದ ಮೇಲಿನ ಶುಕ್ರವಾರ ಕ್ಯಾಮೆರಾವನ್ನೂ ತೆಗೆದುಕೊಂಡು ಹಿಂಜವಾಡಿ ಕಡೆಯಿಂದ ಎರಡು ಬಸ್ಸು ಬದಲಿಸಿ ಸ್ಟುಡಿಯೋಕ್ಕೆ ಹೋದೆ. ಯಜಮಾನ ನೆಗೆಟಿವ್ ಪಟ್ಟಿಯನ್ನು ದೀಪದ ಪೆಟ್ಟಿಗೆಯ ಮೇಲೆ ಹರಡಿದ. ಎಂಟೂ ಬಂದಿದ್ದವು. ಎಂಟೂ ಅದೇ ಅಡುಗೆಮನೆ. ಅವನು ಭೂತಗನ್ನಡಿ ಹಿಡಿದು ಮೊದಲನೆಯದರಿಂದ ಕೊನೆಯದರ ತನಕ ನೋಡುತ್ತ ಹೋಗಿ, ನಾಲಿಗೆಯಿಂದ ಲೊಚಗುಟ್ಟಿದ.

"ಶಟರ್ ಸ್ಲೋ ಹೋತ್ ಚಾಲಲಂಯ್," ಎಂದ. "ಸ್ಪ್ರಿಂಗ್ ಢಿಲೀ ಝಾಲಿಯೆ."

ನಿಮ್ಮ ಶಟರ್ ಬರಬರುತ್ತ ನಿಧಾನವಾಗುತ್ತಿದೆ, ಸ್ಪ್ರಿಂಗು ಸಡಿಲವಾಗಿದೆ ಎಂದು ಬೆರಳಿಟ್ಟು ತೋರಿಸಿದ. ಮೊದಲನೆಯ ಚಿತ್ರದಲ್ಲಿ ಕಟ್ಟೆ, ಹಂಡೆ, ಡಬ್ಬಿಗಳು ಇದ್ದವು, ಮೂಲೆಯಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ಗೂಡಿನ ಭರಣಿ ಕಂಡಿತು. ಕಟ್ಟೆಯ ಮೇಲಿನ ಬಿಸಿಲು ಸರಿಯುತ್ತ ಹೋಗಿದ್ದರೂ ಒಂದಕ್ಕಿಂತ ಒಂದು ಚಿತ್ರಕ್ಕೆ ಬೆಳಕು ಹೆಚ್ಚು ಬಿದ್ದಿತ್ತು. ಎಂಟನೆಯದರಲ್ಲಿ ಮೂಲೆಯ ಕತ್ತಲೆಲ್ಲ ಕರಗಿ, ಗೋಡೆಗೆ ಒರಗಿಸಿದ ಅಪ್ಪನ ಮಣೆ ಅದರ ಹಿತ್ತಾಳೆಯ ಹೂವಿನ ಸಮೇತ ಸ್ಪಷ್ಟವಾಗಿ ಕಾಣುತ್ತಿತ್ತು. ಸನ್ನೆಯನ್ನು ಹಿಡಿದಿದ್ದವನು ನಾನೇ. ಅವ್ವ ಪ್ರತಿ ಸಲ ಆ ಹೆಸರಿನ ಮೇಲೆ ಇನ್ನಷ್ಟು, ಇನ್ನಷ್ಟು ಹೊತ್ತು ನಿಂತದ್ದು ಆಗ ನನಗೆ ತಿಳಿದಿರಲೇ ಇಲ್ಲ.

ಎರಡು ದಿನ ಇಲ್ಲೇ ಬಿಟ್ಟು ಹೋಗಿ, ಸ್ಪ್ರಿಂಗು ಬದಲಿಸಿ ಕೊಡುತ್ತೇನೆ ಎಂದು ಯಜಮಾನ ಕ್ಯಾಮೆರಾಕ್ಕೆ ಕೈ ಚಾಚಿದ. ಬೇಡ, ಅದು ಸರಿಯಾಗಿಯೇ ಇದೆ ಎಂದೆ. ಕ್ಯಾಮೆರಾವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಎಂಟನೆಯದನ್ನು ದೊಡ್ಡದು ಮಾಡಿ, ಉಳಿದ ಏಳನ್ನೂ ಹಾಕಿಕೊಡಿ ಎಂದು ಹೇಳಿ ಹೊರಗೆ ಬಂದೆ.